ಸೌದೆ ಒಲೆಯ ಹಿಂಬದಿ ಬಾಯ್ಲರಿನಲ್ಲಿ ನೀರಿನ ಪರಿಚಲನೆ: ದೋಷಗಳ ಪತ್ತೆ ಮತ್ತು ಪರಿಹಾರ

(ಸಾರ್ವಜನಿಕರ ಮಾಹಿತಿಗಾಗಿ)

ಅಡುಗೆ ಒಲೆಯ ಅಥವಾ ಬಚ್ಚಲ ಒಲೆಯ ಹಿಂಭಾಗದಲ್ಲಿ ಲೋಹದ ನೀರಿನ ಪೆಟ್ಟಿಗೆಯೊಂದನ್ನು ಅಳವಡಿಸಿ, ಅದನ್ನು ಎರಡು ಕೊಳವೆಗಳ ಮೂಲಕ ಮೇಲಿನ ಬಿಸಿನೀರಿನ ತೊಟ್ಟಿಗೆ ಜೋಡಿಸುವ ವ್ಯವಸ್ಥೆಗೆ ಹಿಂಬದಿ ಬಾಯ್ಲರ್ ವ್ಯವಸ್ಥೆ ಎಂದು ಹೆಸರು. ಬ್ರಿಟನ್, ಐರ್ಲೆಂಡ್ ಮೊದಲಾದ ಶೀತ ದೇಶಗಳಲ್ಲಿ ಇದನ್ನು ಕೋಣೆಗಳನ್ನು ಬೆಚ್ಚಗಿಡಲು ಸಹ ಬಳಸುತ್ತಾರೆ. ನಮ್ಮಲ್ಲಿ ಮಲೆನಾಡು ಮತ್ತು ಕೊಡಗಿನ ಮನೆಗಳು, ತೋಟದ ಬಂಗಲೆಗಳು ಹಾಗೂ ಹೋಂಸ್ಟೇಗಳಲ್ಲಿ ಇದರ ಉಪಯೋಗ ಬಹುಮಟ್ಟಿಗೆ ಸ್ನಾನದ ನೀರಿಗೆ ಸೀಮಿತವಾಗಿದೆ. ಮಳೆಗಾಲದ ತಿಂಗಳುಗಳಲ್ಲಿ ಸೌರ ಜಲತಾಪಕವು ಸಾಕಷ್ಟು ಬಿಸಿಲು ಕಾಣದೆ ನಿಷ್ಪ್ರಯೋಜಕವಾಗುವ ಪ್ರದೇಶಗಳಲ್ಲಿ ಇದು ಅನುಕೂಲಕರವಾದ ವ್ಯವಸ್ಥೆಯೇ ಸರಿ.

ಈ ವ್ಯವಸ್ಥೆಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಒಲೆ ಚೆನ್ನಾಗಿ ಉರಿಯುತ್ತದೆ, ಆದರೆ ನಲ್ಲಿಯಲ್ಲಿ ಬಿಸಿನೀರು ಬರುವುದಿಲ್ಲ. ಇಂತಹ ಸಂದರ್ಭದಲ್ಲಿ ಬೆಂಕಿಯನ್ನು ಇನ್ನಷ್ಟು ಹೆಚ್ಚಿಸುವುದು ಸಹಜ ಪ್ರವೃತ್ತಿ. ಆದರೆ ದೋಷವು ಬೆಂಕಿಯಲ್ಲಿರದೆ ನೀರಿನ ಪರಿಚಲನೆಯಲ್ಲಿದ್ದಲ್ಲಿ, ಬೆಂಕಿಯನ್ನು ಹೆಚ್ಚಿಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಆದ್ದರಿಂದ ಸಲಹೆ ಅಥವಾ ತಾಂತ್ರಿಕ ಪರಿಶೀಲನೆ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಈ ಕೆಳಗಿನ ಮಾಹಿತಿಯನ್ನು ಮೊದಲು ಗಮನವಿಟ್ಟು ಓದಬೇಕಾಗಿ ಕೋರಲಾಗಿದೆ. ಅನೇಕ ದೋಷಗಳನ್ನು ಮನೆಯವರೇ ಪತ್ತೆಹಚ್ಚಬಹುದಾಗಿದೆ.

ನೀರು ತಾನಾಗಿ ಸುತ್ತುವುದು ಹೇಗೆ?

ಬಾಯ್ಲರ್ ಪೆಟ್ಟಿಗೆಯ ಮೇಲ್ಭಾಗದಿಂದ ಹೊರಟು ತೊಟ್ಟಿಯನ್ನು ಸೇರುವ ಕೊಳವೆಯನ್ನು ಇಲ್ಲಿ ಏರುಕೊಳವೆ ಎಂದೂ, ತೊಟ್ಟಿಯ ತಳದಿಂದ ಹೊರಟು ಪೆಟ್ಟಿಗೆಯ ಕೆಳಭಾಗವನ್ನು ಸೇರುವ ಕೊಳವೆಯನ್ನು ಇಳಿಕೊಳವೆ ಎಂದೂ ಕರೆಯಲಾಗಿದೆ. ಕಾದ ನೀರು ಹಿಗ್ಗಿ ಹಗುರವಾಗಿ ಏರುಕೊಳವೆಯಲ್ಲಿ ಮೇಲೇರುತ್ತದೆ. ಅದರ ಸ್ಥಾನಕ್ಕೆ ತೊಟ್ಟಿಯ ತಳದ ತಣ್ಣನೆಯ ಭಾರವಾದ ನೀರು ಇಳಿಯುತ್ತದೆ. ಪಂಪು ಇಲ್ಲ, ವಿದ್ಯುತ್ ಇಲ್ಲ. ತೂಕದ ವ್ಯತ್ಯಾಸವೊಂದೇ ಚಾಲಕಶಕ್ತಿ. ಛಾವಣಿಯ ಮೇಲಿನ ಸೌರ ಜಲತಾಪಕವೂ ಇದೇ ತತ್ತ್ವದಿಂದ ಕೆಲಸ ಮಾಡುತ್ತದೆ.

ಈ ಶಕ್ತಿಯು ಎಷ್ಟು ಅಲ್ಪವಾದುದು ಎಂಬುದನ್ನು ತಿಳಿದರೆ ಮುಂದಿನ ವಿಷಯಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಒಂದು ಘನ ಮೀಟರ್ ನೀರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 992 ಕೆ.ಜಿ. ತೂಗಿದರೆ, 70 ಡಿಗ್ರಿಯಲ್ಲಿ ಸುಮಾರು 978 ಕೆ.ಜಿ. ತೂಗುತ್ತದೆ. ಬಾಯ್ಲರ್ ಪೆಟ್ಟಿಗೆಯ ಮಧ್ಯಭಾಗದಿಂದ ತೊಟ್ಟಿಯ ಮಧ್ಯಭಾಗಕ್ಕೆ 2 ಮೀಟರ್ ಎತ್ತರವಿದ್ದಲ್ಲಿ, ಇಡೀ ವ್ಯವಸ್ಥೆಯನ್ನು ನಡೆಸುವ ಒತ್ತಡವು ಸುಮಾರು 29 ಮಿಲಿಮೀಟರ್ ನೀರಿನ ಕಂಬದಷ್ಟು, ಅಂದರೆ ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ತೊಟ್ಟಿಯನ್ನು ಒಲೆಯ ಪಕ್ಕದಲ್ಲಿಯೇ ಕೇವಲ 30 ಸೆಂ.ಮೀ. ಎತ್ತರದಲ್ಲಿ ಇರಿಸಿದಲ್ಲಿ ಅದು 4 ಮಿಲಿಮೀಟರಿಗೆ ಇಳಿಯುತ್ತದೆ. ಊದಿದರೆ ಹಾರಿಹೋಗುವಂತಹ ಈ ಒತ್ತಡಕ್ಕೆ ಒಂದು ಗಾಳಿಗುಳ್ಳೆ, ಅರ್ಧ ಮುಚ್ಚಿದ ಒಂದು ವಾಲ್ವ್ ಅಥವಾ ಅನಾವಶ್ಯಕವಾದ ನಾಲ್ಕು ತಿರುವುಗಳು ಅಡ್ಡ ಬಂದರೂ ಸಾಕು, ಪರಿಚಲನೆ ನಿಲ್ಲುತ್ತದೆ.

ಹಿಂದಿನ ಕಾಲದ ತಾಮ್ರದ ಹಂಡೆಗೆ ಈ ಯಾವ ತೊಂದರೆಯೂ ಇರಲಿಲ್ಲ. ಅದಕ್ಕೆ ಕೊಳವೆಯೇ ಇರಲಿಲ್ಲವಲ್ಲ!

ಮೊದಲನೆಯ ಪರೀಕ್ಷೆ: ನೀರಿನ ಮಟ್ಟ

ನಮ್ಮ ಹಳ್ಳಿಗಳಲ್ಲಿ ಎರಡು ಬಗೆಯ ಜೋಡಣೆಗಳು ಕಂಡುಬರುತ್ತವೆ. ಮೊದಲನೆಯದರಲ್ಲಿ ಬಿಸಿನೀರಿನ ತೊಟ್ಟಿಯು ಮುಚ್ಚಿದ್ದು, ಅದಕ್ಕಿಂತ ಮೇಲಿರುವ ತಣ್ಣೀರಿನ ತೊಟ್ಟಿಯಿಂದ ಸದಾ ತುಂಬಿಕೊಳ್ಳುತ್ತದೆ. ಎರಡನೆಯದು ಸರಳವಾದದ್ದು: ಮುಚ್ಚಳವಿರುವ ಒಂದು ಡ್ರಮ್ಮು, ಅದಕ್ಕೆ ಎರಡು ಕೊಳವೆ, ಕೆಳಗೊಂದು ನಲ್ಲಿ. ಈ ಎರಡನೆಯ ಬಗೆಯಲ್ಲಿ ಏರುಕೊಳವೆಯು ಡ್ರಮ್ಮಿನ ಮೇಲ್ಭಾಗಕ್ಕೆ ಸೇರುತ್ತದೆ. ಬೆಳಿಗ್ಗೆ ನಾಲ್ಕಾರು ಜನ ಸ್ನಾನ ಮಾಡಿದ ನಂತರ ನೀರಿನ ಮಟ್ಟವು ಆ ಸೇರುವ ಜಾಗಕ್ಕಿಂತ ಕೆಳಗೆ ಇಳಿದಲ್ಲಿ ಸುತ್ತು ಕಡಿದುಹೋಗುತ್ತದೆ. ಡ್ರಮ್ಮಿನಲ್ಲಿ ಮುಕ್ಕಾಲು ಭಾಗ ನೀರಿದ್ದರೂ ಅದು ಕಾಯುವುದಿಲ್ಲ. ಪೆಟ್ಟಿಗೆಯಲ್ಲಿರುವ ಕೆಲವೇ ಲೀಟರ್ ನೀರು ಮಾತ್ರ ಕುದಿಯಲಾರಂಭಿಸುತ್ತದೆ.

ಹೊರಗಿನಿಂದ ನೋಡುವವರಿಗೆ ನೀರು ಇದೆ, ಬೆಂಕಿಯೂ ಇದೆ, ಕೊಳವೆಗಳೂ ಸರಿಯಾಗಿವೆ. ಆದ್ದರಿಂದ ಯಾವುದೇ ಕೊಳವೆಯನ್ನು ಬಿಚ್ಚುವ ಮುನ್ನ ಮುಚ್ಚಳ ತೆಗೆದು, ಏರುಕೊಳವೆಯ ಬಾಯಿ ನೀರಿನೊಳಗೆ ಮುಳುಗಿದೆಯೇ ಎಂಬುದನ್ನು ನೋಡತಕ್ಕದ್ದು. ಮುಳುಗಿಲ್ಲದಿದ್ದಲ್ಲಿ ಬೆಂಕಿಯನ್ನು ಹೊರತೆಗೆದು, ಪೆಟ್ಟಿಗೆ ಆರಿದ ನಂತರವೇ ನೀರು ತುಂಬಿಸಬೇಕು. ಒಣಗಿ ಕೆಂಡದಂತೆ ಕಾದ ಪೆಟ್ಟಿಗೆಗೆ ತಣ್ಣೀರು ಬಿಟ್ಟಲ್ಲಿ ಬೆಸುಗೆ ಸೀಳುವುದಲ್ಲದೆ, ಕ್ಷಣಾರ್ಧದಲ್ಲಿ ಹಬೆ ಹೊಮ್ಮುತ್ತದೆ. ಒಂದು ಲೀಟರ್ ನೀರು ಹಬೆಯಾದಾಗ 1,600 ಲೀಟರಿಗೂ ಹೆಚ್ಚಿನ ಜಾಗವನ್ನು ಬೇಡುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಶಾಶ್ವತ ಪರಿಹಾರವೆಂದರೆ ಡ್ರಮ್ಮಿಗೆ ಫ್ಲೋಟ್ ವಾಲ್ವ್ ಅಳವಡಿಸಿ ಮಟ್ಟವನ್ನು ಕಾಯ್ದುಕೊಳ್ಳುವುದು, ಅಥವಾ ನಲ್ಲಿಯನ್ನು ಏರುಕೊಳವೆಯ ಮಟ್ಟಕ್ಕಿಂತ ಮೇಲೆ ಕೂಡಿಸಿ, ಅಷ್ಟಕ್ಕಿಂತ ಕೆಳಗೆ ನೀರು ಇಳಿಯದಂತೆ ಮಾಡುವುದು.

ಎರಡನೆಯ ಪರೀಕ್ಷೆ: ಕೊಳವೆಗಳ ಬಿಸಿ

ಮಟ್ಟ ಸರಿಯಿದ್ದಲ್ಲಿ ಮಧ್ಯಮ ಗಾತ್ರದ ಬೆಂಕಿಯನ್ನು ಹೊತ್ತಿಸಿ ಅರ್ಧ ಗಂಟೆಯ ನಂತರ ಎರಡೂ ಕೊಳವೆಗಳನ್ನು ಪರೀಕ್ಷಿಸಬಹುದು. ಬರಿಗೈಯಿಂದ ಹಿಡಿಯಬಾರದು, ಒಣಬಟ್ಟೆಯನ್ನು ಮಡಿಸಿ ಮೇಲಿಟ್ಟು ಕ್ಷಣಮಾತ್ರ ಮುಟ್ಟಿ ನೋಡಬೇಕು. ಒದ್ದೆ ಬಟ್ಟೆಯು ಬಿಸಿಯನ್ನು ಬೇಗನೆ ಕೈಗೆ ದಾಟಿಸುವುದರಿಂದ ಅದನ್ನು ಬಳಸಕೂಡದು.

ಏರುಕೊಳವೆಯು ತೊಟ್ಟಿಯವರೆಗೂ ಬಿಸಿಯಾಗಿದ್ದು, ಇಳಿಕೊಳವೆ ಉಗುರುಬೆಚ್ಚಗಿದ್ದು ಕ್ರಮೇಣ ಬಿಸಿಯಾಗುತ್ತಾ ಹೋದಲ್ಲಿ ಪರಿಚಲನೆ ಸರಿಯಾಗಿದೆ ಎಂದು ತಿಳಿಯಬಹುದು. ಏರುಕೊಳವೆಯು ಪೆಟ್ಟಿಗೆಯ ಸಮೀಪದಲ್ಲಿ ಸುಡುವಂತಿದ್ದು, ಸ್ವಲ್ಪ ದೂರದ ನಂತರ ಹಠಾತ್ತನೆ ತಣ್ಣಗಾಗಿದ್ದಲ್ಲಿ ಆ ಸ್ಥಳದಲ್ಲಿ ಅಥವಾ ಅದರ ಮುಂದೆ ತಡೆ ಇದೆ. ಬಹುಪಾಲು ಅದು ಗಾಳಿಯ ತಡೆಯಾಗಿರುತ್ತದೆ. ಒಂದು ಗಂಟೆಯ ನಂತರವೂ ಏರುಕೊಳವೆ ಅತಿ ಬಿಸಿಯಾಗಿದ್ದು ಇಳಿಕೊಳವೆ ಪೂರ್ಣ ತಣ್ಣಗಿದ್ದರೆ, ನೀರು ಹರಿಯುತ್ತಿದೆಯಾದರೂ ಅತಿ ನಿಧಾನವಾಗಿದೆ. ಕಿರಿದಾದ ಕೊಳವೆ, ಒಳಗಿನ ಗಸಿ ಅಥವಾ ಅರ್ಧ ತೆರೆದ ವಾಲ್ವ್ ಇದಕ್ಕೆ ಕಾರಣವಿರಬಹುದು. ಇಳಿಕೊಳವೆಯೇ ಹೆಚ್ಚು ಬಿಸಿಯಾಗಿದ್ದಲ್ಲಿ ಪೆಟ್ಟಿಗೆಯ ಬಳಿ ಎರಡು ಕೊಳವೆಗಳು ಅದಲುಬದಲಾಗಿ ಜೋಡಣೆಯಾಗಿವೆಯೇ ಎಂದು ನೋಡಬೇಕು.

ಎರಡೂ ಕೊಳವೆಗಳು ಕೇವಲ ಬೆಚ್ಚಗಿದ್ದಲ್ಲಿ ದೋಷ ನೀರಿನದಲ್ಲ, ಬೆಂಕಿಯದು. ಹಸಿ ಸೌದೆ, ಪೆಟ್ಟಿಗೆಯ ಮುಖಕ್ಕೆ ಹತ್ತಿದ ಮಸಿ ಮತ್ತು ಡಾಂಬರಿನಂತಹ ಅಂಟು, ಬೂದಿ ತುಂಬಿದ ಹೊಗೆಮಾರ್ಗ ಇವುಗಳನ್ನು ಪರಿಶೀಲಿಸಬೇಕು. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು 4,000 ಕಿಲೋಕ್ಯಾಲರಿ ಶಾಖ ಬೇಕಾಗುತ್ತದೆ. ಒಣ ಸೌದೆಯ ಒಂದು ಕಿಲೋಗ್ರಾಮಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಶಾಖವಿದ್ದು, ಅದರ ಕಾಲುಭಾಗ ಮಾತ್ರ ನೀರಿಗೆ ತಲುಪುತ್ತದೆಂದು ಭಾವಿಸಿದರೂ ನಾಲ್ಕು ಕಿಲೋ ಸೌದೆ ಸಾಕು. ಅದಕ್ಕಿಂತ ಬಹಳ ಹೆಚ್ಚು ಸೌದೆ ಖರ್ಚಾಗುತ್ತಿದ್ದಲ್ಲಿ ಎಲ್ಲಿಯೋ ನಷ್ಟವಾಗುತ್ತಿದೆ ಎಂದೇ ಅರ್ಥ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಆಸ್ಟ್ರ ಕೇಂದ್ರವು ರೂಪಿಸಿದ ಆಸ್ಟ್ರ ಒಲೆಯಂತಹ ಸುಧಾರಿತ ಒಲೆಗಳಲ್ಲಿ ಹೊಗೆಮಾರ್ಗದ ಅಳತೆಗಳನ್ನು ಲೆಕ್ಕ ಹಾಕಿ ನಿಗದಿಪಡಿಸಲಾಗಿರುತ್ತದೆ. ಅಂತಹ ಒಲೆಯೊಳಗೆ ಮನಬಂದಂತೆ ನೀರಿನ ಪೆಟ್ಟಿಗೆಯನ್ನು ತುರುಕಿದಲ್ಲಿ ಎಳೆತ ಕಡಿಮೆಯಾಗಿ ಅಡುಗೆಯೂ ಕೆಡುತ್ತದೆ, ನೀರೂ ಕಾಯುವುದಿಲ್ಲ, ಹೊಗೆ ಮನೆಯೊಳಗೆ ತುಂಬುತ್ತದೆ.

ಗಾಳಿತಡೆ

ಪರಿಚಲನೆ ನಿಲ್ಲಲು ಅತ್ಯಂತ ಸಾಮಾನ್ಯವಾದ ಕಾರಣ ಇದು. ಕೊಳವೆಯು ಗೋಡೆ ದಾಟುವಾಗ, ತೊಲೆಯ ಮೇಲೆ ಹಾಯುವಾಗ ಅಥವಾ ಆಧಾರದ ಕೊಂಡಿ ಸಡಿಲಗೊಂಡು ಜೋತುಬಿದ್ದಾಗ ಎಲ್ಲಿಯಾದರೂ ಗೂನು ಉಂಟಾಗುತ್ತದೆ. ಆ ಗೂನಿನ ನೆತ್ತಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಚಾಲಕ ಒತ್ತಡವೇ ಮೂರು ಸೆಂಟಿಮೀಟರ್ ನೀರಿನಷ್ಟಿರುವಾಗ, ಅಷ್ಟೇ ಎತ್ತರದ ಗಾಳಿಯ ಗಂಟೊಂದು ಸಂಪೂರ್ಣ ಹರಿವನ್ನು ತಡೆಯಬಲ್ಲದು. ಅದು ಒಂದು ಅಂಗುಲದ ಪೈಪಿನ ಒಳವ್ಯಾಸಕ್ಕಿಂತ ಹೆಚ್ಚೇನೂ ಅಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಗೂನು.

ಪ್ಲಂಬರನ್ನು ಕರೆಸಿ ಗಾಳಿ ಬಿಡಿಸಿದ ನಂತರ ಎರಡು ವಾರ ಸರಿಯಿದ್ದು ಮತ್ತೆ ನಿಂತುಹೋಯಿತೆಂದು ಹೇಳುವವರಿದ್ದಾರೆ. ಇದರಲ್ಲಿ ಆಶ್ಚರ್ಯವಿಲ್ಲ. ತಣ್ಣೀರಿನಲ್ಲಿ ಗಾಳಿ ಕರಗಿರುತ್ತದೆ; ನೀರು ಕಾದಂತೆ ಅದು ಹೊರಬರುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯ ತಳದಲ್ಲಿ ಕುದಿಯುವ ಮೊದಲೇ ಸಣ್ಣ ಗುಳ್ಳೆಗಳು ಏಳುವುದನ್ನು ಎಲ್ಲರೂ ನೋಡಿದ್ದಾರೆ. ಪ್ರತಿದಿನ ಹೊಸ ನೀರು ಒಳಬರುವಾಗ ಪ್ರತಿದಿನ ಹೊಸ ಗಾಳಿಯೂ ಬರುತ್ತದೆ. ಕೊಳವೆಯು ಎಡೆಬಿಡದೆ ಮೇಲ್ಮುಖವಾಗಿದ್ದರೆ ಅದು ತಾನೇ ತೊಟ್ಟಿಗೆ ಹೋಗಿ ಹೊರಬೀಳುತ್ತದೆ. ಗೂನಿದ್ದಲ್ಲಿ ಅಲ್ಲಿಯೇ ಶೇಖರಗೊಳ್ಳುತ್ತದೆ. ಆದ್ದರಿಂದ ಗಾಳಿ ಬಿಡಿಸುವುದು ತಾತ್ಕಾಲಿಕ ಶಮನವೇ ಹೊರತು ಪರಿಹಾರವಲ್ಲ. ಕೊಳವೆಯ ಇಳಿಜಾರನ್ನು ಸರಿಪಡಿಸುವುದೇ ನಿಜವಾದ ದುರಸ್ತಿ.

ಏರುಕೊಳವೆಯ ಅಡ್ಡಭಾಗವು ಪ್ರತಿ ಮೀಟರಿಗೆ ಕನಿಷ್ಠ 3 ಸೆಂ.ಮೀ. ನಂತೆ ತೊಟ್ಟಿಯ ಕಡೆಗೆ ಏರಿರಬೇಕು. ಇಳಿಕೊಳವೆಯೂ ಅದೇ ದಿಕ್ಕಿನಲ್ಲಿ, ಅಂದರೆ ಪೆಟ್ಟಿಗೆಯಿಂದ ತೊಟ್ಟಿಯ ಕಡೆಗೆ ಏರುತ್ತಲೇ ಇರಬೇಕು ಎಂಬುದನ್ನು ಅನೇಕ ಕೆಲಸಗಾರರು ಮರೆಯುತ್ತಾರೆ. ಗಾರೆ ಕೆಲಸದವರ ಮಟ್ಟಗೋಲು ಅಥವಾ ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ತೊಲೆಯ ಕಾರಣದಿಂದ ಗೂನು ಅನಿವಾರ್ಯವಾದಲ್ಲಿ ಅದರ ನೆತ್ತಿಯಿಂದ ಗಾಳಿ ಹೊರಹೋಗಲು ಸಣ್ಣ ಕೊಳವೆಯೊಂದನ್ನು ತಣ್ಣೀರಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ (ಡ್ರಮ್ಮಿನ ಬಗೆಯಲ್ಲಿ ಡ್ರಮ್ಮಿನ ಅಂಚಿಗಿಂತ) ಮೇಲಕ್ಕೆ ಒಯ್ಯಬೇಕು. ಹೊಸದಾಗಿ ನೀರು ತುಂಬುವಾಗ ರಭಸವಾಗಿ ಬಿಡದೆ, ಸಾಧ್ಯವಾದಲ್ಲಿ ಕೆಳಗಿನ ಖಾಲಿಮಾಡುವ ನಲ್ಲಿಯಿಂದ ರಬ್ಬರ್ ಟ್ಯೂಬಿನ ಮೂಲಕ ನಿಧಾನವಾಗಿ ಮೇಲ್ಮುಖವಾಗಿ ತುಂಬಿಸಿದಲ್ಲಿ ಗಾಳಿಯು ಮುಂದೆ ತಳ್ಳಲ್ಪಟ್ಟು ಹೊರಹೋಗುತ್ತದೆ.

ಕೊಳವೆ, ಗಸಿ ಮತ್ತು ತುಕ್ಕು

ಒಂದು ಅಂಗುಲಕ್ಕಿಂತ ಕಿರಿದಾದ ಕೊಳವೆಯನ್ನು ಈ ಸುತ್ತಿನಲ್ಲಿ ಬಳಸುವುದು ಉಳಿತಾಯವಲ್ಲ. ಚೂಪಾದ ಎಲ್ಬೋಗಳ ಬದಲು ಉದ್ದನೆಯ ಬಾಗುಗಳನ್ನು ಬಳಸತಕ್ಕದ್ದು. ಸಾಮಾನ್ಯ ಪಿ.ವಿ.ಸಿ. ಕೊಳವೆಯು 60 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ. ಬಿಸಿನೀರಿಗೆಂದೇ ಮಾರಾಟವಾಗುವ ಸಿ.ಪಿ.ವಿ.ಸಿ. ಕೊಳವೆಯೂ ಕುದಿಯುವ ನೀರಿಗಾಗಿ ತಯಾರಾದುದಲ್ಲ. ಬಾಯ್ಲರ್ ಮತ್ತು ತೊಟ್ಟಿಯ ನಡುವಿನ ಸುತ್ತು ಪೂರ್ತಿಯಾಗಿ ಲೋಹದ್ದೇ ಆಗಿರಬೇಕು.

ಕೋಲಾರ, ತುಮಕೂರು ಮೊದಲಾದ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಬಿಳಿಯ ಗಸಿ ಕಟ್ಟುವುದು ಮುಖ್ಯ ಸಮಸ್ಯೆ. ಮಲೆನಾಡಿನ ತೆರೆದ ಬಾವಿ ಮತ್ತು ಒರತೆಯ ಮೆದು ನೀರಿನಲ್ಲಿ ಗಸಿ ಕಡಿಮೆ, ಕಬ್ಬಿಣದ ತುಕ್ಕು ಹೆಚ್ಚು. ನಲ್ಲಿಯಲ್ಲಿ ಕೆಂಪು ನೀರು ಬರುವುದು ಇದರ ಲಕ್ಷಣ. ತಾಮ್ರದ ಪೆಟ್ಟಿಗೆಯನ್ನು ಸತುವು ಲೇಪಿತ ಜಿ.ಐ. ಕೊಳವೆಗೆ ನೇರವಾಗಿ ಜೋಡಿಸಿದಲ್ಲಿ ತುಕ್ಕು ಇನ್ನೂ ವೇಗವಾಗುತ್ತದೆ. ತಾಮ್ರದ ಭಾಗಗಳ ಗಸಿಯನ್ನು ಸಿಟ್ರಿಕ್ ಆಮ್ಲದ ತೆಳು ದ್ರಾವಣದಿಂದ ಕರಗಿಸಬಹುದು. ಸತುವಿನ ಲೇಪವಿರುವ ಭಾಗಗಳಿಗೆ ಆಮ್ಲ ಸಲ್ಲದು, ಬಿಚ್ಚಿ ಕುಂಚದಿಂದ ಶುಚಿಗೊಳಿಸಬೇಕು.

ಪಂಪು ಅಳವಡಿಸಬಹುದೇ?

ಪರಿಚಲನೆ ನಿಧಾನವಾದಾಗ ಸಣ್ಣ ವಿದ್ಯುತ್ ಪಂಪನ್ನು ಜೋಡಿಸುವಂತೆ ಅಂಗಡಿಯವರು ಸಲಹೆ ನೀಡುವುದುಂಟು. ಇದನ್ನು ಕೊನೆಯ ಆಯ್ಕೆಯಾಗಿ ಪರಿಗಣಿಸುವುದು ಲೇಸು. ಒಲೆ ಹೆಚ್ಚು ಉರಿಯುವುದು ಜಡಿಮಳೆಯ ದಿನಗಳಲ್ಲಿ; ವಿದ್ಯುತ್ ಹೋಗುವುದೂ ಅದೇ ದಿನಗಳಲ್ಲಿ. ಪಂಪು ನಿಂತರೂ ಬೆಂಕಿ ನಿಲ್ಲುವುದಿಲ್ಲ. ಪಂಪು ಇಲ್ಲದೆಯೂ ತಕ್ಕಮಟ್ಟಿಗೆ ತಾನಾಗಿ ಸುತ್ತುವಂತಹ ವ್ಯವಸ್ಥೆಗೆ ಮಾತ್ರ ಪಂಪನ್ನು ಸೇರಿಸಬಹುದು.

ತೆರೆದ ಗಾಳಿಕೊಳವೆ: ಕಡ್ಡಾಯವಾಗಿ ಗಮನಿಸಬೇಕಾದುದು

ಮುಚ್ಚಿದ ತೊಟ್ಟಿಯಿರುವ ವ್ಯವಸ್ಥೆಯಲ್ಲಿ ಏರುಕೊಳವೆಯ ಅಥವಾ ತೊಟ್ಟಿಯ ನೆತ್ತಿಯಿಂದ ಒಂದು ಕೊಳವೆ ಮೇಲಕ್ಕೆ ಹೋಗಿ ತಣ್ಣೀರಿನ ತೊಟ್ಟಿಯ ಮೇಲೆ ಬಾಗಿ ತೆರೆದುಕೊಂಡಿರುತ್ತದೆ. 200 ಲೀಟರ್ ನೀರು 20ರಿಂದ 80 ಡಿಗ್ರಿಗೆ ಕಾದಾಗ ಐದು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಆ ಹೆಚ್ಚುವರಿ ನೀರಿಗೂ, ಅಕಸ್ಮಾತ್ ಕುದಿದಲ್ಲಿ ಹಬೆಗೂ ಇರುವ ಭರವಸೆಯ ದಾರಿ ಇದು. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಂತಹ ಸ್ಥಳಗಳಲ್ಲಿ ನೀರು ಸುಮಾರು 96 ಡಿಗ್ರಿಯಲ್ಲಿಯೇ ಕುದಿಯುತ್ತದೆ ಎಂಬುದನ್ನೂ ಗಮನಿಸಬೇಕು.

ಈ ಕೊಳವೆಯಿಂದ ಆಗಾಗ್ಗೆ ಬಿಸಿನೀರು ಉಗುಳುವುದನ್ನು ಕಂಡು, ನೀರು ವ್ಯರ್ಥವಾಗುತ್ತಿದೆಯೆಂದು ಅದರ ತುದಿಗೆ ಬಿರಡೆ ಹಾಕುವುದು, ಬಟ್ಟೆ ತುರುಕುವುದು ಅಥವಾ ವಾಲ್ವ್ ಕೂಡಿಸುವುದು ಅತ್ಯಂತ ಅಪಾಯಕಾರಿ. ಹಾಗೆ ಮಾಡಿದಲ್ಲಿ ನೀರು ಕಾಯಿಸುವ ಪೆಟ್ಟಿಗೆಯು ಒತ್ತಡದ ಪಾತ್ರೆಯಾಗಿ ಮಾರ್ಪಡುತ್ತದೆ. ತೆಳು ತಗಡಿನ ಬೆಸುಗೆಗಳು ಆ ಒತ್ತಡಕ್ಕಾಗಿ ಮಾಡಿದವುಗಳಲ್ಲ. ಕೊಳವೆ ಉಗುಳುತ್ತಿದ್ದರೆ ಎತ್ತರ ಸಾಲದು, ಅಥವಾ ಪರಿಚಲನೆ ನಿಂತು ಪೆಟ್ಟಿಗೆ ಕುದಿಯುತ್ತಿದೆ ಎಂದು ತಿಳಿಯಬೇಕು. ಅದರ ಬಾಯಿಯು ತಣ್ಣೀರಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ 150 ಮಿ.ಮೀ., ಜೊತೆಗೆ ಆ ಮಟ್ಟದಿಂದ ಬಾಯ್ಲರಿನವರೆಗಿನ ಪ್ರತಿ ಮೀಟರ್ ಆಳಕ್ಕೆ 40 ಮಿ.ಮೀ. ಎತ್ತರದಲ್ಲಿರಬೇಕು. ಉದಾಹರಣೆಗೆ ಆಳವು 4 ಮೀಟರ್ ಇದ್ದಲ್ಲಿ 310 ಮಿ.ಮೀ. ಆಗುತ್ತದೆ. ಡ್ರಮ್ಮಿನ ಬಗೆಯಲ್ಲಿ ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿಯಬಾರದು. ಏರುಕೊಳವೆಗೆ ಯಾವ ಕಾರಣಕ್ಕೂ ವಾಲ್ವ್ ಇರಕೂಡದು.

ಬಾಯ್ಲರುಗಳ ಕಾಯಿದೆ, 1923ರ ಸ್ಥಾನದಲ್ಲಿ 2025ರಲ್ಲಿ ಹೊಸ ಬಾಯ್ಲರುಗಳ ಕಾಯಿದೆ ಬಂದಿದೆ. ಅದು ಅನ್ವಯಿಸುವುದು ಒತ್ತಡದಲ್ಲಿ ಹಬೆ ಉತ್ಪಾದಿಸುವ ಪಾತ್ರೆಗಳಿಗೆ. 25 ಲೀಟರಿಗಿಂತ ಕಡಿಮೆ ಸಾಮರ್ಥ್ಯದವು ಹಾಗೂ ನೀರನ್ನು 100 ಡಿಗ್ರಿಗಿಂತ ಕಡಿಮೆ ಉಷ್ಣತೆಗೆ ಕಾಯಿಸುವವು ಅದರ ವ್ಯಾಖ್ಯೆಯಿಂದ ಹೊರಗಿವೆ. ಹೀಗಾಗಿ ತೆರೆದ ಗಾಳಿಕೊಳವೆಯುಳ್ಳ ಮನೆಬಳಕೆಯ ಈ ವ್ಯವಸ್ಥೆಗೆ ನೋಂದಣಿಯೂ ಇಲ್ಲ, ವರ್ಷಕ್ಕೊಮ್ಮೆ ನಿರೀಕ್ಷಕರು ಬಂದು ನೋಡುವುದೂ ಇಲ್ಲ. ಸುರಕ್ಷತೆಯ ಹೊಣೆ ಸಂಪೂರ್ಣವಾಗಿ ಮನೆಯ ಮಾಲೀಕರದ್ದಾಗಿರುತ್ತದೆ. ಅತಿಥಿಗಳಿಗೆ ಬಿಸಿನೀರು ಒದಗಿಸುವ ಹೋಂಸ್ಟೇ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪೆಟ್ಟಿಗೆಯೊಳಗೆ ಸುತ್ತಿಗೆಯಿಂದ ಬಡಿದಂತಹ ಸದ್ದು, ಗೊಡಗೊಡ ಕುದಿಯುವ ಸದ್ದು ಅಥವಾ ಕೊಳವೆಗಳ ನಡುಕ ಕಂಡುಬಂದಲ್ಲಿ ತಕ್ಷಣ ಇಕ್ಕಳದಿಂದ ಸೌದೆಯನ್ನು ಹೊರಗೆಳೆದು, ಕೆಂಡದ ಮೇಲೆ ಬೂದಿ ಅಥವಾ ಒಣ ಮರಳನ್ನು ಹಾಕಿ, ಮಕ್ಕಳನ್ನೂ ವೃದ್ಧರನ್ನೂ ಆ ಕೋಣೆಯಿಂದ ಹೊರಗೆ ಕಳುಹಿಸಬೇಕು. ಒಲೆಗೆ ನೀರು ಸುರಿಯಬಾರದು. ಪೂರ್ಣವಾಗಿ ತಣ್ಣಗಾಗುವವರೆಗೆ ಯಾವ ಜೋಡಣೆಯನ್ನೂ ಸಡಿಲಿಸಬಾರದು.

ಅರ್ಜಿಯೊಂದಿಗೆ ನೀಡಬೇಕಾದ ವಿವರಗಳು

ಮೇಲಿನ ಪರೀಕ್ಷೆಗಳ ನಂತರವೂ ದೋಷ ಪತ್ತೆಯಾಗದಿದ್ದಲ್ಲಿ ಪರಿಶೀಲನೆ ಕೋರಿ ಅರ್ಜಿ ಸಲ್ಲಿಸುವವರು ತೊಟ್ಟಿಯ ಸಾಮರ್ಥ್ಯ, ಪೆಟ್ಟಿಗೆಯ ಲೋಹ, ಪೆಟ್ಟಿಗೆಗೂ ತೊಟ್ಟಿಗೂ ಇರುವ ಎತ್ತರದ ಅಂತರ, ಕೊಳವೆಯ ವ್ಯಾಸ ಮತ್ತು ಉದ್ದ, ನೀರಿನ ಮೂಲ ಹಾಗೂ ಅರ್ಧ ಗಂಟೆಯ ಪರೀಕ್ಷೆಯಲ್ಲಿ ಎರಡು ಕೊಳವೆಗಳು ತೋರಿದ ಸ್ಥಿತಿಯನ್ನು ಬರೆಯಬೇಕು. ಕೊಳವೆಗಳು ಸಾಗುವ ಮಾರ್ಗದ ಒಂದು ಕೈಬರಹದ ನಕ್ಷೆಯನ್ನು ಲಗತ್ತಿಸುವುದು ಅತ್ಯಂತ ಸಹಾಯಕ. ನಕ್ಷೆಯಲ್ಲಿ ಗಾಳಿಕೊಳವೆ ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ತಪ್ಪದೆ ಗುರುತಿಸತಕ್ಕದ್ದು. ಗಾಳಿಕೊಳವೆ ಇಲ್ಲದಿದ್ದಲ್ಲಿ ಅಥವಾ ಅದನ್ನು ಮುಚ್ಚಲಾಗಿದ್ದಲ್ಲಿ, ಪರಿಶೀಲನೆಯ ದಿನಾಂಕಕ್ಕಾಗಿ ಕಾಯದೆ ಅಂದಿನಿಂದಲೇ ಒಲೆಯ ಬಳಕೆಯನ್ನು ನಿಲ್ಲಿಸಬೇಕು.